ಅತ್ತೆಯ ಕಾಲಬುಡದ ಬಾಕ್ಸು

ಆಗಸ್ಟ್ 2, ಶನಿವಾರ, ಮಧ್ಯಾಹ್ನ

ಅತ್ತೆಯ ಮೈಕು ಜನರಿಗೆ ಕೇಳಿಸುವುದಿಲ್ಲ. ಕೇಳಿಸದ ಹಾಗೆ ಇಟ್ಟಿರುವವಳು ನಾನು. ವರ್ಷದ ಮೇಲಾಯಿತು. ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಇಲ್ಲಿ ಕೂಡ ಬರೆದಿರಲಿಲ್ಲ. ಈಗ ಬರೆದಾಯಿತು.

ಆಸ್ಪತ್ರೆಯಲ್ಲಿ ಹಾಡು ಮುಗಿಸಿ ಆಗಲೇ ಬಂದೆವು. ವೈರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸುತ್ತುತ್ತಿದ್ದೆ. ಒಳಗೆ ಅತ್ತೆ ಹಾಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಖುಷಿಯಾಗಿದ್ದಳು. ರೋಗಿಯೊಬ್ಬನ ತಾಯಿ ಇವತ್ತು ಅವಳ ಕೈ ಹಿಡಿದು "ಹಾಡು ಚೆನ್ನಾಗಿತ್ತಮ್ಮ" ಅಂದಳಂತೆ. ಚೆನ್ನಾಗಿಯೇ ಇತ್ತು. ಅದು ಜೊತೆಗೆ ಹಾಡಿದ ಕನ್ನಡಕದಣ್ಣನ ಧ್ವನಿ.

ಸೌಂಡ್ ಟೇಬಲ್ ಹೇಗೆಂದರೆ — ಒಂದೊಂದು ಮೈಕಿಗೂ ಎರಡು ಗುಂಡಿ. ಕೆಳಗಿನದು ಜಾರುವ ಗುಂಡಿ. ಮೇಲೆ ತಳ್ಳಿದರೆ ಧ್ವನಿ ಜನರ ಕಡೆಯ ದೊಡ್ಡ ಸ್ಪೀಕರ್ ಬಾಕ್ಸುಗಳಿಗೆ ಹೋಗುತ್ತದೆ. ಮೇಲಿನದು ತಿರುಗಿಸುವ ಗುಂಡಿ. ಅದು ಹಾಡುವವರ ಕಾಲಬುಡದಲ್ಲಿರುವ ಚಿಕ್ಕ ಬಾಕ್ಸಿಗೆ, ಹಾಡುವವರು ತಮ್ಮ ಧ್ವನಿ ತಾವು ಕೇಳಿಕೊಳ್ಳಲು. ಅತ್ತೆಯ ತಿರುಗುವ ಗುಂಡಿ ಪೂರ್ತಿ ತೆರೆದಿದೆ. ಜಾರುವ ಗುಂಡಿ ತಳದಲ್ಲಿದೆ. ಅವಳಿಗೆ ಅವಳು ಚೆನ್ನಾಗಿ ಕೇಳಿಸುತ್ತಾಳೆ. ಬೇರೆ ಯಾರಿಗೂ ಇಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ಅವಳ ಧ್ವನಿ ಸಾಲಿನ ಮಧ್ಯೆ ಕುಂಟಲು ಶುರುವಾಯಿತು. ಒಂದು ದಿನ ವಾರ್ಡಿನಲ್ಲಿ ಯಾರೋ ನಕ್ಕರು. ಅತ್ತೆಗೆ ಗೊತ್ತಾಗಲಿಲ್ಲ. ಮುಂದಿನ ವಾರ ಕನ್ನಡಕದಣ್ಣ ನನ್ನ ಟೇಬಲ್ ಹತ್ತಿರ ಬಂದು ಒಂದೇ ಬೆರಳಲ್ಲಿ ಅವಳ ಗುಂಡಿಯನ್ನು ಕೆಳಗೆಳೆದರು. "ಇದು ಇಲ್ಲೇ ಇರಲಿ ಕಣಮ್ಮ. ಅವರಿಗೆ ನೋವಾಗೋದು ಬೇಡ." ನಾನು ಹ್ಞೂಂ ಅಂದೆ. ಇಷ್ಟೇ ನಡೆದದ್ದು.

ಕನ್ನಡಕದಣ್ಣ ನಮ್ಮ ಟೀಮಿನ ಲೀಡರ್. ಚರ್ಚಿನ ಸಭೆಯಿಂದ ಶನಿವಾರ ಶನಿವಾರ ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಹಾಡುವ ಟೀಮು. ವಾರದ ದಿನಗಳಲ್ಲಿ ಕನ್ನಡಕದಂಗಡಿ. ಕೀಬೋರ್ಡಣ್ಣ ಮೊಬೈಲ್ ರಿಪೇರಿಯವನು. ವ್ಯಾನ್ ಮಾಮ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನಲ್ಲೇ ಶನಿವಾರ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅತ್ತೆ ಟೈಲರ್. ನಮ್ಮೆಲ್ಲರ ನೀಲಿ ಕಾಲರಿನ ಅಂಗಿ ಹೊಲಿದವಳು ಅವಳೇ. ಶಾಲೆ ಬಿಟ್ಟ ಮೇಲೆ ಅಪ್ಪ ನನ್ನನ್ನು ತನ್ನ ಅಕ್ಕನ, ಅಂದರೆ ಅತ್ತೆಯ, ಮನೆಗೆ ತಂದು ಬಿಟ್ಟ. ಅವಳು ಟೀಮಿಗೆ ತಂದು ಬಿಟ್ಟಳು. ಯಾರು ಎಲ್ಲಿ ತಂದು ಬಿಟ್ಟರೂ ಆಗುವ ವಸ್ತು ಆಗ ನಾನು. ವ್ಯಾನ್ ಮಾಮ ನನ್ನನ್ನು ವೈರು ಅನ್ನುತ್ತಾರೆ.

ಆಗಸ್ಟ್ 5, ಮಂಗಳವಾರ, ಸಂಜೆ

ಟೀಮ್ ಕ್ಲಾಸ್. ಕನ್ನಡಕದಂಗಡಿಯ ಷಟರ್ ಅರ್ಧ ಎಳೆದು, ಕಣ್ಣಿನ ಪರೀಕ್ಷೆಯ ಅಕ್ಷರದ ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು. ಇವತ್ತಿನ ವಿಷಯ: ಸೇವೆಯಲ್ಲಿ ಒಳ್ಳೆಯ ಟೀಮ್ ಮೆಂಬರ್ ಹೇಗಿರಬೇಕು.

ಹೇಳಿದ ಸಮಯಕ್ಕೆ ಬರಬೇಕು. ಬೆನ್ನ ಹಿಂದೆ ಆಡಿಕೊಳ್ಳಬಾರದು. ತನ್ನ ಕೈಯಲ್ಲಿ ಆಗದ್ದನ್ನು ಆಗುತ್ತದೆ ಅನ್ನಬಾರದು. ಎಲ್ಲ ಸರಿ ಅನಿಸಿತು. ಆಮೇಲೆ ಅಂದರು —

"ಒಬ್ಬರ ಕೊರತೆ ಇನ್ನೊಬ್ಬರು ಮುಚ್ಚಬೇಕು. ಕನ್ನಡಕ ಏನ್ ಮಾಡುತ್ತೆ ಹೇಳಿ? ಕಣ್ಣಿನ ಕೊರತೆ ಮುಚ್ಚುತ್ತೆ. ಸದ್ದಿಲ್ಲದೆ."

ಸುಮ್ಮನಿರಲು ಆಗಲಿಲ್ಲ. "ಅಣ್ಣ, ಕನ್ನಡಕ ಹಾಕ್ಕೊಂಡವರಿಗೆ ತಾವು ಹಾಕ್ಕೊಂಡಿದ್ದೀವಿ ಅಂತ ಗೊತ್ತಿರುತ್ತೆ."

ಕೀಬೋರ್ಡಣ್ಣ ನನ್ನ ಕಾಲು ತುಳಿದ. ಅತ್ತೆಗೆ ಏನೂ ಗೊತ್ತಿಲ್ಲ ಪಾಪ, ನಕ್ಕಳು. "ಇವಳ ಬಾಯಿಗೆ ಒಂದು ಗುಂಡಿ ಹೊಲಿದುಬಿಡ್ತೀನಿ ತಡೀರಿ. ನೀವು ಮುಂದೆ ಹೇಳಿ ಅಣ್ಣ."

ಕನ್ನಡಕದಣ್ಣ ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು. "ಪ್ರಾರ್ಥನೆ ಮಾಡೋಣ" ಅಂದರು.

ನಾನು ಶಾಲೆ ಬಿಟ್ಟದ್ದೂ ಇಂಥದ್ದಕ್ಕೇ. ಇನ್‌ಸ್ಪೆಕ್ಟರ್ ಬರುವ ದಿನ ಮೇಷ್ಟ್ರು ಹೇಳಿಕೊಟ್ಟಿದ್ದರು: ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಇನ್‌ಸ್ಪೆಕ್ಟರ್ ತುಂಬ ಸಂತೋಷಪಟ್ಟರು. ನನ್ನ ಬೆನ್ನು ತಟ್ಟಿ "ಎಲ್ಲರಿಗೂ ಎಲ್ಲ ಗೊತ್ತಲ್ಲ" ಅಂದರು. ಯಾವ ಕೈ ಅಂತ ನೋಡಿ ಸಾರ್ ಅಂದೆ. ಅಲ್ಲಿಗೆ ಮುಗಿಯಿತು. ಮೇಷ್ಟ್ರು ಹೊಡೆಯಲಿಲ್ಲ. ಮಾತು ಬಿಟ್ಟರು, ಕ್ಲಾಸಿನವರೂ ಬಿಟ್ಟರು. ಹೇಗೂ ಕೂತಲ್ಲಿ ಕೂರುವ ಜಾತಿ ನನ್ನದಲ್ಲ. ಹೋಗುವುದನ್ನೇ ನಿಲ್ಲಿಸಿದೆ.

ಆಗಸ್ಟ್ 9, ಶನಿವಾರ

ಇಪ್ಪತ್ತನಾಲ್ಕಕ್ಕೆ ವಾರ್ಷಿಕ ಕೂಟ. ಬಾಡಿಗೆ ಹಾಲ್. ಬೇರೆ ಸಭೆಗಳವರೂ ಬರುತ್ತಾರೆ. ನಮ್ಮ ಸಭೆಯ ಹಿರಿಯರು ಇವತ್ತು ಆಸ್ಪತ್ರೆಗೆ ಬಂದು, ಎಲ್ಲರ ಎದುರು ಅತ್ತೆಗೆ ಹೇಳಿದರು: ಈ ಟೀಮ್ ಶುರುವಾದದ್ದು ನಿಮ್ಮಿಂದ, ಅವತ್ತು ಒಬ್ಬರೇ ಹಾಸಿಗೆ ಹಾಸಿಗೆಗೆ ಹೋಗಿ ಹಾಡುತ್ತಿದ್ದಿರಿ, ಈ ಸಲ ಒಂದು ಹಾಡು ನೀವೊಬ್ಬರೇ ಹಾಡಬೇಕು.

ಕನ್ನಡಕದಣ್ಣನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ಸಂಜೆ ಅತ್ತೆ ಮಿಷಿನ್ ಮುಂದೆ ಕೂತು ಅದೇ ಹಾಡು. ಧ್ವನಿ ಜಾರುವ ಕಡೆ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ. ಮತ್ತೆ ಮೊದಲಿಂದ. ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಆ ಪರದೆ ಇನ್ನೂ ಮುಗಿದಿಲ್ಲ.

"ಪುಟ್ಟಿ, ಆಸ್ಪತ್ರೆಯಲ್ಲಿ ಹಿಂದೆ ಕೂತವರಿಗೂ ನನ್ ಧ್ವನಿ ಹೋಗುತ್ತೇನೇ?"

"ಬಾಕ್ಸು ದೊಡ್ಡದಿದೆ ಅತ್ತೆ."

"ಹಂಗಾದ್ರೆ ಸರಿ."

ಸುಳ್ಳು ಹೇಳಿಲ್ಲ. ಬಾಕ್ಸು ದೊಡ್ಡದೇ. ವರ್ಷದಿಂದ ಹೀಗೇ ಒಂದೊಂದು ನಿಜ ಹೇಳಿ ತಪ್ಪಿಸಿಕೊಂಡಿದ್ದೇನೆ. ಎಷ್ಟು ಚೆನ್ನಾಗಿ ಅಭ್ಯಾಸವಾಗಿದೆ ಅಂದರೆ, ಇವತ್ತು ಯೋಚಿಸಲೂ ಇಲ್ಲ.

ಆಗಸ್ಟ್ 12, ಮಂಗಳವಾರ

ಕ್ಲಾಸ್ ಮುಗಿದ ಮೇಲೆ ಅತ್ತೆಯನ್ನು ವ್ಯಾನ್ ಮಾಮನ ಜೊತೆ ಕಳಿಸಿ ನನ್ನನ್ನೂ ಕೀಬೋರ್ಡಣ್ಣನನ್ನೂ ನಿಲ್ಲಿಸಿಕೊಂಡರು.

ಆರು ವರ್ಷದ ಹಿಂದೆ ಅತ್ತೆಯ ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ್ದರಂತೆ. ಧ್ವನಿ ಬೇರೆ, ಸಂಗೀತ ಬೇರೆ. ಎರಡೂ ಕೀಬೋರ್ಡಣ್ಣನ ಲ್ಯಾಪ್‌ಟಾಪಿನಲ್ಲಿವೆ. ಕೂಟದ ದಿನ ಸಂಗೀತ ಅತ್ತೆಗೂ ಜನರಿಗೂ ಕೇಳಿಸುತ್ತದೆ. ಆ ಹಳೆಯ ಧ್ವನಿ ಜನರಿಗೆ ಮಾತ್ರ. ಅತ್ತೆ ನಿಜವಾಗಿಯೇ ಹಾಡುತ್ತಾಳೆ, ತನ್ನ ಕಾಲಬುಡದ ಬಾಕ್ಸಿನಲ್ಲಿ ತನ್ನನ್ನೇ ಕೇಳಿಕೊಳ್ಳುತ್ತಾಳೆ.

"ಅವರ ಧ್ವನಿನೇ ಅಲ್ವಾ? ಬೇರೆ ಯಾರದ್ದೂ ಅಲ್ಲ" ಅಂದರು ಕನ್ನಡಕದಣ್ಣ.

"ಅವರಿಗೆ ಹೇಳಿ ಮಾಡೋಣ ಅಣ್ಣ."

"ಹೇಳಿದ್ರೆ ಹಾಡ್ತಾರಾ?"

"ಇಲ್ಲ."

"ಮತ್ತೆ?"

"ಹಾಡದೇ ಇರೋದು ಅವರಿಷ್ಟ."

ಕೀಬೋರ್ಡಣ್ಣ ಗೋಡೆಯ ಬೋರ್ಡಿನ ಕೊನೆಯ ಸಾಲು ಓದಲು ನೋಡುತ್ತಿದ್ದ.

"ನೀನು ಗುಂಡಿ ಮುಟ್ಟೋದೂ ಬೇಡ. ಇವನೇ ಒತ್ತುತ್ತಾನೆ. ನೀನು ಸುಮ್ನಿದ್ರೆ ಸಾಕು. ಟೀಮಿಗೋಸ್ಕರ. ಅವರಿಗೋಸ್ಕರ ಅಂದ್ಕೋ."

ಕನ್ನಡಕದಣ್ಣ ಕೆಟ್ಟವರಲ್ಲ. ಅತ್ತೆಯ ಆಪರೇಷನ್ ದಿನ ಅಂಗಡಿ ಮುಚ್ಚಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದವರು ಅವರೊಬ್ಬರೇ. ಅಪ್ಪ ಕೂಡ ಬಂದಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಆಗಸ್ಟ್ 20, ಬುಧವಾರ

ಹೇಳಬೇಕು ಅಂತ ಹೋದೆ. ಮೊನ್ನೆಯೂ ಹೋಗಿದ್ದೆ.

ಅತ್ತೆ ಕೂಟಕ್ಕೆ ತನಗಾಗಿ ಹೊಸ ಉಡುಪು ಹೊಲಿಯುತ್ತಿದ್ದಳು. ತನಗೆ ಅಂತ ಹೊಲಿದು ಎಷ್ಟು ವರ್ಷವಾಯಿತೋ. ಕುತ್ತಿಗೆ ಎತ್ತರ ಇಟ್ಟಿದ್ದಾಳೆ, ಹೊಲಿಗೆ ಹಾಕಿದ ಗಾಯ ಕಾಣದ ಹಾಗೆ.

"ಏನೇ, ಬಾಗಿಲಲ್ಲಿ ನಿಂತು ಬೆಳಕು ತಡೀತೀಯಾ?"

"ಏನಿಲ್ಲ."

"ಏನಿಲ್ಲ ಅಂದ್ರೆ ಈ ಸೂಜಿಗೆ ದಾರ ಪೋಣಿಸು."

ಪೋಣಿಸಿದೆ. ವಾಪಸು ಬಂದೆ.

ಇಡೀ ಶಾಲೆಯ ಗುಟ್ಟನ್ನು ಗುರುತಿಲ್ಲದ ಇನ್‌ಸ್ಪೆಕ್ಟರಿಗೆ ಹೇಳಿದವಳು ನಾನು. ಅಲ್ಲಿ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅದಕ್ಕೇ ಹೇಳಿದ್ದು. ಅದನ್ನು ಧೈರ್ಯ ಅಂದುಕೊಂಡಿದ್ದೆ.

ಆಗಸ್ಟ್ 23, ಶನಿವಾರ, ಸಂಜೆ

ರಿಹರ್ಸಲ್. ಹಾಲ್ ಖಾಲಿ. ಕುರ್ಚಿ ಇನ್ನೂ ಗೋಡೆಗೆ ಒರಗಿಸಿಟ್ಟಿದ್ದಾರೆ. ದೊಡ್ಡ ಬಾಕ್ಸುಗಳನ್ನು ಬೇಕೆಂದೇ ಆನ್ ಮಾಡಲಿಲ್ಲ. ಯಾಕೆ ಅಂದ ಅತ್ತೆಗೆ, ಅದರ ವೈರು ಇನ್ನೂ ಬಂದಿಲ್ಲ ಅಂದರು ಕನ್ನಡಕದಣ್ಣ. ಬಂದಿತ್ತು. ನನ್ನ ಹೆಗಲ ಮೇಲೇ ಇತ್ತು.

ನಾನು ಹೆಡ್‌ಫೋನ್ ಹಾಕಿಕೊಂಡೆ. ಕೀಬೋರ್ಡಣ್ಣ ಒಂದು ಕಿವಿಗೆ ಹಳೆಯ ಧ್ವನಿ ಕೊಟ್ಟ, ಇನ್ನೊಂದಕ್ಕೆ ಈಗಿನದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಲ್ಲೇ ಎರಡೂ ಕಡೆ ಉಸಿರು. ಎಲ್ಲಿ ಎಳೆಯಬೇಕೋ ಅಷ್ಟೇ ಎಳೆತ. ಆರು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಅಳತೆ ಅದೇ ಇದೆ. ಬಲಗಿವಿಯಲ್ಲಿ ಮಾತ್ರ ಬಟ್ಟೆ ಹರಿದ ಹಾಗೆ ಸದ್ದು.

ಕೀಬೋರ್ಡಣ್ಣ ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ, ಯಾಕೋ, ಕೆಳಗಿಳಿಸಿದ.

ಆಗಸ್ಟ್ 24, ಭಾನುವಾರ, ಮಧ್ಯಾಹ್ನ 3

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲ್ ತುಂಬಿತ್ತು. ಹಿರಿಯರು ಅತ್ತೆಯ ಬಗ್ಗೆ ನಾಲ್ಕು ಮಾತಾಡಿದರು. ಅತ್ತೆ ಮೇಲೆ ಹೋದಳು. ಸಂಗೀತ ಶುರು. ಹಾಡು ಶುರು. ಮೊದಲ ಚರಣ, ಎರಡನೇ ಚರಣ. ಯಾರೋ ಕಣ್ಣೊರೆಸಿಕೊಂಡರು. ಕನ್ನಡಕದಣ್ಣ ಗೋಡೆ ಪಕ್ಕ ಕಣ್ಣು ಮುಚ್ಚಿ ನಿಂತಿದ್ದರು.

ಮೂರನೇ ಚರಣದಲ್ಲಿ ಅತ್ತೆಗೆ ಕೆಮ್ಮು ಬಂತು. ಮೈಕು ಕೆಳಗಿಳಿಸಿ, ಮುಖ ಆಚೆ ತಿರುಗಿಸಿ, ಬಾಯಿಗೆ ಕೈ ಅಡ್ಡ ಇಟ್ಟಳು.

ಹಾಡು ನಿಲ್ಲಲಿಲ್ಲ.

ಮುಂದಿನ ಸಾಲಿನ ಮಕ್ಕಳು ಮೊದಲು ನಕ್ಕರು. ಅತ್ತೆ ತಲೆ ಎತ್ತಿದಳು. ಹಾಲಿನ ತುಂಬ ಅವಳದೇ ಧ್ವನಿ, ನುಣ್ಣಗೆ, ಆರು ವರ್ಷ ಚಿಕ್ಕದು. ಕೈಯಲ್ಲಿದ್ದ ಮೈಕು ನೋಡಿದಳು. ಕಾಲಬುಡದ ಬಾಕ್ಸು ನೋಡಿದಳು. ಆಮೇಲೆ ಇಡೀ ಹಾಲ್ ದಾಟಿ ನನ್ನ ಟೇಬಲ್ ನೋಡಿದಳು.

ಕೀಬೋರ್ಡಣ್ಣನ ಕೈ ಲ್ಯಾಪ್‌ಟಾಪಿನ ಮೇಲೆ ಕಲ್ಲಾಗಿತ್ತು. ನಾನೇ ಹಳೆಯ ಧ್ವನಿಯ ಗುಂಡಿ ಕೆಳಗೆಳೆದೆ. ಹಾಡು ನಿಂತಿತು. ಅತ್ತೆಯ ಗುಂಡಿ ಮೇಲೆ ತಳ್ಳಿದೆ. ಅವಳ ಉಸಿರು ದೊಡ್ಡ ಬಾಕ್ಸುಗಳಲ್ಲಿ ಬಂತು.

"ಇದು ಈಗ ಆನ್ ಆಗಿದೆಯಾ?" ಅಂದಳು.

ಒಡಕು ಧ್ವನಿ ಹಿಂದಿನ ಗೋಡೆಗೆ ತಾಗಿ ವಾಪಸು ಬಂತು. ಅವಳೇ ಒಮ್ಮೆ ಬೆಚ್ಚಿದಳು. ನಾನು ತಲೆ ಆಡಿಸಿದೆ, ಹೌದು.

"ಇಷ್ಟು ಹೊತ್ತು?"

ಇಲ್ಲ ಅಂತ ತಲೆ ಆಡಿಸಿದೆ.

ಮೈಕನ್ನು ಸ್ಟ್ಯಾಂಡಿಗೆ ಸರಿಯಾಗಿ ಸಿಕ್ಕಿಸಿದಳು, ಎಂದಿನ ಹಾಗೆ, ವೈರು ಕಾಲಿಗೆ ತೊಡರದ ಹಾಗೆ ಪಕ್ಕಕ್ಕೆ ಸರಿಸಿ. ಮೆಟ್ಟಿಲಿಳಿದು ಎರಡನೇ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತಳು. ಕನ್ನಡಕದಣ್ಣ ಓಡಿ ಹೋಗಿ ಮೈಕು ಹಿಡಿದರು. "ಕ್ಷಮಿಸಿ, ಯಂತ್ರದ ಸಣ್ಣ ತೊಂದರೆ. ನಮ್ಮ ಸೌಂಡಿನ ತಂಗಿ ಇನ್ನೂ ಕಲೀತಿದ್ದಾಳೆ."

ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿದರು. ಅತ್ತೆ ತಿರುಗಲಿಲ್ಲ.

ಅದೇ ದಿನ, ಸಂಜೆ 6

ಅತ್ತೆ ಬಟ್ಟೆ ಬದಲಿಸಲಿಲ್ಲ. ಆ ಹೊಸ ಉಡುಪಿನಲ್ಲೇ ಮಿಷಿನ್ನಿನ ಸ್ಟೂಲಿನ ಮೇಲೆ ಕೂತಿದ್ದಾಳೆ.

"ಯಾವಾಗಿಂದ?"

"ಆಪರೇಷನ್ ಆಗಿ ಎರಡು ತಿಂಗಳಿಗೆ."

"ಆಸ್ಪತ್ರೆಯಲ್ಲೂ?"

"ಎಲ್ಲ ಕಡೆ."

ಎಲ್ಲ ಹೇಳಿದೆ. ವಾರ್ಡಿನಲ್ಲಿ ನಕ್ಕದ್ದು, ಒಂದು ಬೆರಳು, ಲ್ಯಾಪ್‌ಟಾಪು. ನಾನು ಹ್ಞೂಂ ಅಂದದ್ದು. ಬಾಕ್ಸು ದೊಡ್ಡದಿದೆ ಅಂದದ್ದು.

"ಇನ್‌ಸ್ಪೆಕ್ಟರಿಗೆ ಹೇಳೋಕೆ ಬಾಯಿ ಬಂತು ನಿಂಗೆ."

ಮಿಷಿನ್ನಿಗೆ ಮುಸುಕು ಹಾಕಿದಳು.

"ನಂಗೆ ಹೇಳೋಕೆ? ನಾನು ಅಡುಗೆಮನೆಯಲ್ಲೇ ಇದ್ದೆ. ದಿನಾ."

ಆಗಸ್ಟ್ 28, ಗುರುವಾರ

ಅತ್ತೆ ಅಗತ್ಯವಿದ್ದಷ್ಟು ಮಾತಾಡುತ್ತಾಳೆ. ಊಟಕ್ಕೆ ಬಾ. ಗ್ಯಾಸ್ ಆರಿಸು. ಹಾಡುವುದಿಲ್ಲ. ಮಿಷಿನ್ ಸದ್ದು ಮಾತ್ರ, ಒಂದೇ ಸಮನೆ. ಆ ಪರದೆ ಮುಗಿಯಿತು.

ಇವತ್ತು ಕನ್ನಡಕದಣ್ಣ ಬಂದರು. ನಾನು ಟೀ ಕೊಟ್ಟು ಒಳಗೆ ಬಂದಿದ್ದೆ. ಎಲ್ಲ ಕೇಳಿಸಿತು.

"ನಿಮ್ಮ ಮಾನ ಉಳಿಸೋಣ ಅಂತ ಮಾಡ್ಬಿಟ್ಟೆ ಅಮ್ಮ."

"ನನ್ ಮಾನನೋ, ಟೀಮಿನ ಮಾನನೋ?"

"ಎರಡೂ ಒಂದೇ ಅಂದ್ಕೊಂಡಿದ್ದೆ. ತಪ್ಪು ನಂದು. ಮಗುವಿನ ತಲೆಗೆ ಕಟ್ಟಿದ್ದೂ ತಪ್ಪು. ಭಾನುವಾರ ಸಭೆಯಲ್ಲಿ ಹೇಳ್ತೀನಿ."

"ಹೇಳಿ. ಈಗ ಟೀ ಕುಡೀರಿ, ಆರೋಗುತ್ತೆ."

ಆಯಿತು. ಅಷ್ಟೇ. ಅವರು ಹೋಗುವಾಗ ಪ್ಯಾಂಟಿನ ಜಿಪ್ಪು ಹಾಕಿಕೊಡಿ ಅಂತ ಚೀಲ ಬೇರೆ ಕೊಟ್ಟು ಹೋದರು. ಅತ್ತೆ ಇಟ್ಟುಕೊಂಡಳು.

ನನಗೆ ಮೈ ಉರಿಯಿತು. "ಅವರನ್ನ ಒಂದು ಟೀಗೆ ಬಿಟ್ಯಲ್ಲ ಅತ್ತೆ."

"ಅವರು ಹೊರಗಿನವರು. ಹೊರಗಿನವರ ತಪ್ಪು ಒಂದು ಟೀಗೆ ಮುಗಿಯುತ್ತೆ."

ನನ್ನದು ಯಾವುದಕ್ಕೆ ಮುಗಿಯುತ್ತದೆ ಅಂತ ಕೇಳಲಿಲ್ಲ.

ಆಗಸ್ಟ್ 30, ಶನಿವಾರ

ಆಸ್ಪತ್ರೆಗೆ ಟೀಮ್ ಹೋಗಲಿಲ್ಲ. ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ಬೀಗದಕೈ ತಗೋ. ನಡಿ. ನಾನು ಕೇಳ್ಬೇಕು."

ಸಭೆಯ ಹಾಲ್ ಖಾಲಿ. ಗುಡಿಸುವವಳು ಕಿಟಕಿ ತೆರೆದು ಹೋಗಿದ್ದಳು. ಬಾಕ್ಸು ಜೋಡಿಸಿದೆ. ಜಾರುವ ಗುಂಡಿ ಮೇಲಿಟ್ಟೆ. ಕಾಲಬುಡದ ಬಾಕ್ಸು ಬೇಡ ಅಂದಳು. ಇಡೀ ಹಾಡು ಹಾಡಿದಳು, ನಿಲ್ಲದೆ. ರೆಕಾರ್ಡ್ ಮಾಡಿದೆ. ಆಮೇಲೆ ಅವಳು ಕೊನೆಯ ಸಾಲಿಗೆ ಹೋಗಿ ಕೂತಳು. ಹಾಕಿದೆ.

ಕೆನ್ನೆಗೆ ಕೈಯಿಟ್ಟು ಕೇಳಿದಳು.

"ಮತ್ತೆ ಹಾಕು."

ಹಾಕಿದೆ. ಈ ಸಲ ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಮುಖ ಬಂತು ಅವಳಿಗೆ.

"ಅಳತೆ ಸರಿಯಿದೆ. ಕತ್ತಿನ ಹತ್ರ ಬಿಚ್ಕೊಂಡಿದೆ. ಅಷ್ಟೇ ಅಲ್ವಾ?"

"ಅಷ್ಟೇ. ಎರಡನೇ ಚರಣದಲ್ಲಿ ಜಾಸ್ತಿ."

"ವಾರ್ಡಿನಲ್ಲಿ ನಕ್ಕವರದ್ದು ತಪ್ಪಿಲ್ಲ ಬಿಡು. ನಾನಾದ್ರೂ ನಗ್ತಿದ್ದೆ."

"ನಾನು ನಗಲಿಲ್ಲ ಅತ್ತೆ."

"ನೀನು ನಕ್ಕಿದ್ರೆ ಚೆನ್ನಾಗಿತ್ತು. ಅವತ್ತೇ ಗೊತ್ತಾಗ್ತಿತ್ತು."

ವೈರು ಸುತ್ತುವಾಗ ಇನ್ನೊಂದು ತುದಿ ಹಿಡಿದುಕೊಂಡಳು. ಮನೆಗೆ ಬರುವ ದಾರಿಯಲ್ಲಿ ಬ್ರೆಡ್ಡು ಕೊಂಡಳು.

ಸೆಪ್ಟೆಂಬರ್ 2, ಮಂಗಳವಾರ

ಭಾನುವಾರ ಕನ್ನಡಕದಣ್ಣ ಸಭೆಯಲ್ಲಿ ಎದ್ದು ಹೇಳಿದರು. ಪೂರ್ತಿ ಹೇಳಿದರು, ಆ ಒಂದು ಬೆರಳಿನಿಂದ ಹಿಡಿದು. ಯಂತ್ರಕ್ಕೆ ಏನೂ ಆಗಿರಲಿಲ್ಲ, ಆ ತಂಗಿಯ ತಪ್ಪೇನೂ ಇಲ್ಲ ಅಂದರು. ಅದು ಸರಿಯಲ್ಲ. ನಾನೂ ಎದ್ದು "ವರ್ಷದಿಂದ ನಂಗೂ ಗೊತ್ತಿತ್ತು" ಅಂದು ಕೂತೆ. ಅತ್ತೆ ಪಕ್ಕದಲ್ಲಿದ್ದಳು. ಮೆಲ್ಲಗೆ, "ಇಲ್ಲೂ ಬಿಡ್ಲಿಲ್ಲ ನೀನು" ಅಂದಳು. ಬೈದದ್ದೋ ಏನೋ.

ಇವತ್ತು ಟೀಮ್ ಕ್ಲಾಸ್. ಅತ್ತೆ ಮೊದಲೇ ಹೇಳಿದಳು: "ನಂಗೆ ಮೈಕು ಬೇಡ. ನೀವು ಆಸ್ಪತ್ರೆ ಅಂಗಳದಲ್ಲಿ ಹಾಡಿ. ನಾನು ಮೊದಲಿನ ಹಂಗೆ ಹಾಸಿಗೆ ಹತ್ರ ಹೋಗ್ತೀನಿ. ಬೇಕು ಅಂದವರಿಗೆ ಹಾಡ್ತೀನಿ, ಸಾಕು ಅಂದ್ರೆ ನಿಲ್ಲಿಸ್ತೀನಿ. ಟೀಮ್ ಬಿಡಲ್ಲ. ಬಿಟ್ರೆ ನಿಮ್ ಅಂಗಿಗೆಲ್ಲ ಗುಂಡಿ ಹಾಕೋರು ಯಾರು?"

ಆಮೇಲೆ ಕನ್ನಡಕದಣ್ಣ, "ಸೌಂಡಿಗೆ ಇವಳೇ ಮುಂದುವರೀಲಿ ಅನ್ನೋರು ಕೈ ಎತ್ತಿ" ಅಂದರು.

ಎಲ್ಲರೂ ಎತ್ತಿದರು. ನೋಡಬಾರದು ಅಂದುಕೊಂಡೆ. ನೋಡಿದೆ. ಕೀಬೋರ್ಡಣ್ಣ ಬಲಗೈ. ಕನ್ನಡಕದಣ್ಣ ಬಲಗೈ. ವ್ಯಾನ್ ಮಾಮ ಎಡಗೈ.

ವ್ಯಾನ್ ಮಾಮ ನನ್ನ ಕಣ್ಣು ಎಲ್ಲಿದೆ ಅಂತ ಕಂಡರು. "ಹಂಗ್ ನೋಡ್ಬೇಡ್ವೇ ವೈರು, ಬಲಗೈಯಲ್ಲಿ ಟೀ ಇದೆ."

ಎಲ್ಲರೂ ನಕ್ಕರು. ಅತ್ತೆ ಕೂಡ. ನಾನೂ.

ಸೆಪ್ಟೆಂಬರ್ 9, ಮಂಗಳವಾರ

ಶನಿವಾರ ವ್ಯಾನಿಗೆ ಹತ್ತಿದೆ. ಒಳಗೆ ಮಾತು ನಡೆಯುತ್ತಿತ್ತು. ನಾನು ಕೂತ ಕೂಡಲೇ ನಿಂತಿತು. ಯಾರದೂ ದ್ವೇಷ ಅಲ್ಲ. ಹುಷಾರು, ಅಷ್ಟೇ. ಕೀಬೋರ್ಡಣ್ಣ ಮೊದಲು ಲೀಡರಿನ ನಡಿಗೆ ಅಣಕಿಸಿ ತೋರಿಸುತ್ತಿದ್ದ, ಈಗ ತೋರಿಸುವುದಿಲ್ಲ. ಶಾಲೆಯಲ್ಲೂ ಕೊನೆಗೆ ಹೀಗೇ ಇತ್ತು. ಆದರೆ ಅಲ್ಲಿ ತಪ್ಪು ಅವರದ್ದು ಅಂತ ಆರಾಮಾಗಿದ್ದೆ.

ಇವತ್ತು ಕನ್ನಡಕದಣ್ಣ ಅಂಗಡಿಗೆ ಕರೆಸಿದರು. ಬಸ್ಸಿನಲ್ಲಿ ಒಂದು ಹಗಲು ದೂರದ ಊರಲ್ಲಿ ಇನ್ನೊಂದು ಟೀಮಿದೆ, ಜೈಲಿಗೂ ಅನಾಥಾಲಯಕ್ಕೂ ಹೋಗುವವರು. ಸೌಂಡಿನವನು ಬಿಟ್ಟು ಹೋಗಿದ್ದಾನೆ. ಉಳಿಯಲು ಜಾಗ ಕೊಡುತ್ತಾರೆ.

"ನನ್ನ ಕಳಿಸ್ತಿದ್ದೀರಾ, ತೆಗೀತಿದ್ದೀರಾ ಅಣ್ಣ?"

ಕನ್ನಡಕ ಒರೆಸುತ್ತಾರೆ ಅಂದುಕೊಂಡೆ. ಒರೆಸಲಿಲ್ಲ. "ಎರಡೂ" ಅಂದರು. "ಹೋಗಲ್ಲ ಅಂದ್ರೆ ಇರು. ಕೈ ಎತ್ತಿದ್ದು ಸುಳ್ಳಲ್ಲ."

ನನ್ನೆದುರೇ ಆ ಟೀಮಿನ ಲೀಡರಿಗೆ ಫೋನ್ ಮಾಡಿದರು. "ಕೆಲಸ ಚೆನ್ನಾಗಿ ಬರುತ್ತೆ. ಹೇಳಿದ ಸಮಯಕ್ಕೆ ಬರ್ತಾಳೆ. ಒಂದೇ ವಿಷಯ, ಮುಚ್ಚಿಡೋಕೆ ಅಂತ ಏನೂ ಕೊಡ್ಬೇಡಿ... ಇಲ್ಲ ಇಲ್ಲ, ಇಟ್ಕೊಳ್ತಾಳೆ. ಅದೇ ತೊಂದರೆ."

ಹೋಗುತ್ತೇನೆ ಅಂದೆ. ಕೂತಲ್ಲಿ ಕೂರುವ ಜಾತಿ ನನ್ನದಲ್ಲ ಅಂತ ಮೊದಲು ಬರೆದುಕೊಂಡಿದ್ದೆ. ಆದರೆ ಈ ಸಲ ಹೋಗುವುದು ಅದಕ್ಕಲ್ಲ. ಇಲ್ಲಿ ಎಲ್ಲರೂ ನನ್ನನ್ನು ಕ್ಷಮಿಸಿದ್ದಾರೆ. ಆ ವ್ಯಾನಿನಲ್ಲಿ ಮತ್ತೆ ಅಣಕ ನಡೆಯಬೇಕು. ನಾನು ಇದ್ದರೆ ನಡೆಯುವುದಿಲ್ಲ.

ಅತ್ತೆಗೆ ಹೇಳಿದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ಅವಳ ಎದುರು ಕೂತು.

"ಮೊದಲು ನಂಗೇ ಹೇಳ್ತಿದ್ದೀಯಾ?"

"ಮೊದಲು ನಿಂಗೇ."

"ಸರಿ." ಟೇಪು ತೆಗೆದು ನನ್ನ ಭುಜ ಅಳೆದಳು. ಅಲ್ಲಿಯವರ ಅಂಗಿಯ ಬಣ್ಣ ಏನು ಅಂತ ಕೇಳಿದಳು. ಗೊತ್ತಿಲ್ಲ ಅಂದೆ.

ಸೆಪ್ಟೆಂಬರ್ 20, ಶನಿವಾರ, ಸಂಜೆ

ಕೀಬೋರ್ಡಣ್ಣನಿಗೆ ಟೇಬಲ್ ಕಲಿಸಿಕೊಟ್ಟೆ. ಯಾವ ಗುಂಡಿ ಎಲ್ಲಿ, ಮೈಕು ಕಿರುಚಿದರೆ ಏನು. ಕೊನೆಗೆ ಹೇಳಿದೆ: "ಅತ್ತೆ ಹೇಗಿತ್ತು ಅಂತ ಕೇಳ್ತಾಳೆ. ಇದ್ದದ್ದು ಹೇಳು."

"ನಾನಾ?" ಅಂದ. ಬೆವರಿದ. ಮೈಕು ಕಿರುಚಿದ್ದಕ್ಕೂ ಅಷ್ಟು ಬೆವರಿರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆ ಗಂಡಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಅಜ್ಜನ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತಳು. ಮೈಕಿಲ್ಲ, ಬಾಕ್ಸಿಲ್ಲ. ನನ್ನ ಕೈಯಲ್ಲಿ ಮಾಡಲು ಕೆಲಸವಿಲ್ಲ. ಸುಮ್ಮನೆ ಗೋಡೆಗೊರಗಿ ಕೇಳಿದೆ. ಅಜ್ಜ ಅರ್ಧದಲ್ಲಿ ನಿದ್ದೆ ಹೋದ. ಪಕ್ಕದ ಹಾಸಿಗೆಯವನು "ಅವನು ಮಲಗಿದ್ರೂ ನೀವು ಮುಗಿಸಿ" ಅಂದ. ಮುಗಿಸಿದಳು.

ಹೊರಗೆ ಬಂದು ಮೊದಲು ಕೀಬೋರ್ಡಣ್ಣನನ್ನೇ ಕೇಳಿದಳು. "ಹೇಗಿತ್ತೋ?"

"ತುಂಬಾ ಚೆನ್ನಾಗಿತ್ತು ಅಮ್ಮ."

ಅತ್ತೆ ನನ್ನ ಕಡೆ ತಿರುಗಿದಳು. "ಇವನ ಕೈಗೆ ನನ್ನ ಕೊಟ್ಟು ಹೋಗ್ತಿದ್ದೀಯಲ್ಲೇ."

"ಎರಡನೇ ಚರಣದಲ್ಲಿ ಜಾರಿತು ಅತ್ತೆ. ಮೂರನೇದರಲ್ಲೂ ಒಂದು ಕಡೆ. ಅಜ್ಜ ಮಲಗಿದ್ದು ಮಾತ್ರೆಯಿಂದ, ಹಾಡಿಂದಲ್ಲ."

"ಮಿಕ್ಕಿದ್ದು?"

"ಮಿಕ್ಕಿದ್ದು ನಂಗೆ ಇಷ್ಟ ಆಯ್ತು."

"ಸರಿ" ಅಂದಳು. ವ್ಯಾನ್ ಹತ್ತಿದಳು. ದಾರಿಯುದ್ದಕ್ಕೂ ಕೀಬೋರ್ಡಣ್ಣನಿಗೆ ಬುದ್ಧಿ ಹೇಳಿದಳು: ಎರಡನೇ ಚರಣ ಅಂದ್ರೆ ಯಾವುದು, ಎಲ್ಲಿ ಕಿವಿ ಕೊಡಬೇಕು, ಹೇಳುವಾಗ ನೆಲ ನೋಡಬಾರದು. ಅವನು ಹ್ಞೂಂ ಹ್ಞೂಂ ಅನ್ನುತ್ತಿದ್ದ. ವ್ಯಾನ್ ಮಾಮ ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು. ಕನ್ನಡಕದಣ್ಣ ಇಳಿಯುವಾಗ ನನ್ನ ತಲೆ ಮೇಲೆ ಕೈಯಿಟ್ಟರು, ಪ್ರಾರ್ಥನೆ ಮಾಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಅಂಗಿ ಹೊಲಿದಾಗಿದೆ. ಬಿಳಿ. ಕಾಲರ್ ಹಾಕಿಲ್ಲ. ಅಲ್ಲಿಯ ಬಣ್ಣ ಗೊತ್ತಾದ ಮೇಲೆ ಹಾಕಿಸಿಕೋ ಅಂದಳು. ಈಗ ಒಳಗೆ ಇಸ್ತ್ರಿ ಮಾಡುತ್ತಿದ್ದಾಳೆ. ಹಾಡಿಕೊಂಡು. ಎರಡನೇ ಚರಣ...

ಬ್ಯಾಗು ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.